ಸಾಕಿದವರ ಪ್ರಮಾದ

ಮನೆಯಲ್ಲಿ ಸಾಕಿದ್ದು ಹೆಣ್ಣುನಾಯಿಯಾದರೆ ಆಪರೇಷನ್ ಮಾಡಿಸುವ ಮಾತು ಬೇಗ ಬರುತ್ತದೆ. ಅದು ಬೆದೆಗೆ ಬಂದಾಗ ಬೀದಿಯ ಗಂಡುನಾಯಿಗಳೆಲ್ಲ ಗೇಟಿನ ಮುಂದೆ ಠಿಕಾಣಿ ಹೂಡುತ್ತವೆ, ಎರಡು ತಿಂಗಳು ಕಳೆದರೆ ಆರೇಳು ಮರಿಗಳು ಮನೆಯ ಮೂಲೆಯಲ್ಲೇ ಹುಟ್ಟುತ್ತವೆ. ಪರಿಣಾಮ ಕಣ್ಣೆದುರಿಗಿರುವುದರಿಂದ ನಿರ್ಧಾರ ಕಷ್ಟವಾಗುವುದಿಲ್ಲ. ಗಂಡಿನ ವಿಷಯ ಹಾಗಲ್ಲ. ಅದು ಹುಟ್ಟಿಸಿದ ಮರಿಗಳು ಇನ್ನಾರದೋ ಹಿತ್ತಿಲಲ್ಲಿ, ಯಾವುದೋ ಮೋರಿಯ ಪಕ್ಕದಲ್ಲಿ ಕಣ್ಣು ಬಿಡುತ್ತವೆ. ಸಾಕಿದವರ ಲೆಕ್ಕಕ್ಕೆ ಬರುವುದೇ ಇಲ್ಲ. ಹೀಗಾಗಿ ಗಂಡುನಾಯಿ, ಗಂಡುಬೆಕ್ಕುಗಳ ಬಗ್ಗೆ ನಮ್ಮಲ್ಲಿ ಮೂರು ಬಗೆಯ ಮಾತು ಕೇಳಿಬರುತ್ತದೆ. ‘ಗಂಡಲ್ಲವೇ, ನಮಗೇನು ತೊಂದರೆ’ ಎನ್ನುವುದು ಒಂದು. ‘ಪಾಪ, ಮೂಕಪ್ರಾಣಿ, ದೇವರು ಕೊಟ್ಟದ್ದನ್ನು ಕಿತ್ತುಕೊಳ್ಳಲು ನಾವು ಯಾರು’ ಎನ್ನುವುದು ಇನ್ನೊಂದು. ‘ಆರು ತಿಂಗಳಾದ ಕೂಡಲೇ ಮಾಡಿಸಿಬಿಡಿ, ಆಮೇಲೆ ತಂಟೆಯಿರುವುದಿಲ್ಲ’ ಎನ್ನುವುದು ಮೂರನೆಯದು. ಮೊದಲನೆಯದರಲ್ಲಿ ಉದಾಸೀನ, ಎರಡನೆಯದರಲ್ಲಿ ಕರುಣೆ, ಮೂರನೆಯದರಲ್ಲಿ ವ್ಯವಹಾರಜ್ಞಾನ ಇದೆಯೆಂದು ತೋರುತ್ತದೆ. ಆದರೆ ಮೂರಕ್ಕೂ ಒಂದೇ ದೋಷ. ಎದುರಿಗಿರುವ ಈ ಒಂದು ಪ್ರಾಣಿಯನ್ನು, ಅದು ದಿನವೂ ಬಾಳುವ ಬಾಳನ್ನು ನೋಡಿ ಆಡಿದ ಮಾತು ಇವುಗಳಲ್ಲಿ ಯಾವುದೂ ಅಲ್ಲ. ಅಹಿಂಸೆಯನ್ನು ಕುರಿತು ಈ ನೆಲದಲ್ಲಿ ನಡೆದ ಚಿಂತನೆ ಹಿಂಸೆಯ ಬೇರನ್ನು ಕಂಡದ್ದು ಕತ್ತಿಯಲ್ಲಲ್ಲ, ಇಂಥ ನೋಡದಿರುವಿಕೆಯಲ್ಲಿ.

ಪ್ರಾಣಿಗಳ ಬೀಜ ಒಡೆಯುವ ಪದ್ಧತಿಯ ಬಗ್ಗೆ ನಮ್ಮ ಹಳೆಯ ಗ್ರಂಥಗಳು ಮೌನವಾಗಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿ ಎಂಬ ತಪಸ್ವಿಯ ಕಥೆ ಬರುತ್ತದೆ. ತಲೆಯ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ, ಮರಿಗಳು ರೆಕ್ಕೆ ಬಲಿತು ಹಾರಿಹೋಗುವವರೆಗೂ ಅಲುಗದೆ ನಿಂತವನು ಆತ. ಧರ್ಮ ತನಗೆ ಸಿದ್ಧಿಸಿತೆಂದು ಬೀಗಿದಾಗ, ವಾರಾಣಸಿಯ ತುಲಾಧಾರನಿಗೆ ನೀನು ಸಮನಲ್ಲ ಎಂಬ ವಾಣಿ ಕೇಳುತ್ತದೆ. ತುಲಾಧಾರನೋ ಅಂಗಡಿಯಲ್ಲಿ ಕುಳಿತು ತೂಗಿ ಮಾರುವ ವ್ಯಾಪಾರಿ. ಅವನು ಜಾಜಲಿಗೆ ಹೇಳುವ ಧರ್ಮದಲ್ಲಿ ಎತ್ತಿನ ವೃಷಣ ಕತ್ತರಿಸುವವರು, ಮೂಗು ಚುಚ್ಚುವವರು, ಮಿತಿಮೀರಿ ಹೇರು ಹೊರಿಸುವವರು, ಕಟ್ಟಿಹಾಕಿ ಪಳಗಿಸುವವರು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇವರನ್ನೇಕೆ ಯಾರೂ ನಿಂದಿಸುವುದಿಲ್ಲ ಎಂಬುದು ಅವನ ಪ್ರಶ್ನೆ. ಜನ ಒಳ್ಳೆಯದೆಂದು ಕೊಂಡಾಡುವ ಬೇಸಾಯವನ್ನೂ ಅವನು ಬಿಡುವುದಿಲ್ಲ. ನೆಲದೊಳಗಿನ ಜೀವಗಳನ್ನೂ ನೊಗಕ್ಕೆ ಕಟ್ಟಿದ ಎತ್ತನ್ನೂ ನೆನಪಿಸುತ್ತಾನೆ. ಈ ಪಟ್ಟಿಯ ಜೋಡಣೆಯನ್ನು ಗಮನಿಸಬೇಕು. ಬೀಜ ಒಡೆಯುವುದು ಇಲ್ಲಿ ಒಂಟಿಯಾಗಿ ಬಂದ ಪಾಪವಲ್ಲ. ಮೂಗುದಾರ, ಹೇರು, ಹಗ್ಗಗಳ ಜೊತೆಗೆ ಅದು ಬಂದಿದೆ. ಇವೆಲ್ಲ ಒಂದು ಜೀವವನ್ನು ಅದರ ಬಾಳಿನಿಂದ ತೆಗೆದು ನಮ್ಮ ಬಾಳಿಗೆ ಹೊಂದಿಸಿಕೊಳ್ಳುವ ಉಪಾಯಗಳು. ತುಲಾಧಾರ ಆಕ್ಷೇಪಿಸುವುದು ಆ ಹೊಂದಿಸುವಿಕೆಯನ್ನು, ಅದರ ಲಾಭ ಯಾರ ಪಾಲಾಗುತ್ತದೆ ಎಂಬುದನ್ನು.

ಕರ್ನಾಟಕದಲ್ಲಿ ಆಳವಾಗಿ ಬೇರುಬಿಟ್ಟ ಜೈನ ಶ್ರಾವಕಾಚಾರ ಇದೇ ಮಾತನ್ನು ಗೃಹಸ್ಥರ ನಿಯಮವಾಗಿಯೇ ಇಟ್ಟಿತು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ಕುಂದು ತರುವ ತಪ್ಪುಗಳನ್ನು, ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೆಚ್ಚು ಹೊರೆ ಹೇರುವುದು, ಅನ್ನನೀರು ತಡೆಯುವುದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲೂ ಹೆಚ್ಚುಕಡಿಮೆ ಇದೇ ಪಟ್ಟಿಯಿದೆ. ಶ್ರಾವಕನು ಕೈಹಾಕಬಾರದ ಹದಿನೈದು ವೃತ್ತಿಗಳಲ್ಲಿ ನಿರ್ಲಾಂಛನಕರ್ಮವೂ ಒಂದು. ಪ್ರಾಣಿಗಳ ಬೀಜ ಒಡೆಯುವುದು, ಮೂಗು ಚುಚ್ಚುವುದು ಅದರಲ್ಲಿ ಸೇರುತ್ತವೆ. ಇತ್ತ ಧರ್ಮಶಾಸ್ತ್ರದ ಕಡೆ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಮಿತಾಕ್ಷರಾ ವ್ಯಾಖ್ಯೆ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಆ ಸ್ಮೃತಿಯ ವ್ಯವಹಾರಾಧ್ಯಾಯ ಸಣ್ಣ ಪ್ರಾಣಿಗಳ ಪುಂಸ್ತ್ವ ಕೆಡಿಸಿದವನಿಗೆ ದಂಡ ವಿಧಿಸುತ್ತದೆ. ಈ ಸಂಶಯ ಭಾರತಕ್ಕಷ್ಟೇ ಸೇರಿದ್ದೂ ಅಲ್ಲ. ಯೆಹೂದಿ ಧರ್ಮಶಾಸ್ತ್ರ ಪ್ರಾಣಿಯ ಬೀಜ ತೆಗೆಯುವುದನ್ನು ನಿಷೇಧಿಸುತ್ತದೆ. ಇಸ್ಲಾಮಿನ ನ್ಯಾಯಪಂಡಿತರಲ್ಲಿ ಭಿನ್ನಮತವಿದೆ: ಕೆಲವರು ಬೇಡವೆಂದರು, ಪ್ರಯೋಜನವಿದ್ದರೆ ಆಗಬಹುದೆಂದು ಹನಫಿ ಪಂಥದವರು ಒಪ್ಪಿದರು. ದೇವರ ಕಲ್ಪನೆಯಲ್ಲೂ ಆತ್ಮದ ಕಲ್ಪನೆಯಲ್ಲೂ ಒಮ್ಮತವಿಲ್ಲದ ಪರಂಪರೆಗಳು ಇಲ್ಲಿ ಮಾತ್ರ ಒಂದೇ ಕಡೆ ತಡೆದು ನಿಂತಿವೆಯೆಂದರೆ, ಆ ತಡವರಿಕೆಯನ್ನು ಹಳೇ ಕಾಲದ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ.

ಶಾಸ್ತ್ರ ಹೀಗಿದ್ದರೂ ಎತ್ತಿಲ್ಲದೆ ನೇಗಿಲು ನಡೆಯಲಿಲ್ಲ. ಹೋರಿಯನ್ನು ಹಗ್ಗ ಹಾಕಿ ಕೆಡವಿ, ಕಾಲು ಬಿಗಿದು, ನಾಲ್ಕಾಳು ಅದುಮಿ ಹಿಡಿದು, ವೃಷಣದ ಮೇಲಿನ ನರವನ್ನು ಎರಡು ಕೋಲುಗಳ ನಡುವೆ ಸಿಕ್ಕಿಸಿ ಜಜ್ಜುತ್ತಿದ್ದ ಕಾಲವಿತ್ತು; ಅರಿವಳಿಕೆಯ ಮಾತೇ ಇರಲಿಲ್ಲ. ಆಮೇಲೆ ಬಂದ ಬರ್ಡಿಜೊ ಇಕ್ಕಳ ಚರ್ಮ ಹರಿಯದಂತೆ ಒಳಗಿನ ನರವನ್ನಷ್ಟೇ ನುಜ್ಜುಮಾಡುತ್ತದೆ. ಹೀಗೆ ಎತ್ತಾದ ಪ್ರಾಣಿಗೆ ಕಾರಹುಣ್ಣಿಮೆಯ ದಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬಾಯಿಗೆ ಹೋಳಿಗೆ. ದೇವರ ಹೆಸರಿನಲ್ಲಿ ಬಿಟ್ಟ ಬಸವನಿಗೆ ಮಾತ್ರ ಇಕ್ಕಳವಿಲ್ಲ, ನೊಗವಿಲ್ಲ. ಯಾರ ಹೊಲದಲ್ಲಿ ಮೇಯ್ದರೂ ಅಟ್ಟುವವರಿಲ್ಲ. ಊರಿಗೆ ಒಂದು ಗೂಳಿಯನ್ನು ಇಡಿಯಾಗಿ ಉಳಿಸಿ, ಮಿಕ್ಕವನ್ನೆಲ್ಲ ದುಡಿಮೆಗೆ ಹೊಂದಿಸಿಕೊಂಡ ಸಮಾಜ ತನ್ನ ಅಳುಕನ್ನು ಹೀಗೆ ಹಂಚಿಕೊಂಡಿತು. ಅಶೋಕನಂಥವನೂ ಇದನ್ನು ಪೂರ್ತಿ ನಿಲ್ಲಿಸಲಿಲ್ಲ. ಪಟ್ಟಾಭಿಷೇಕವಾಗಿ 26 ವರ್ಷ ಕಳೆದ ಮೇಲೆ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ ಪಕ್ಷದ ಅಷ್ಟಮಿ, ಚತುರ್ದಶಿ, ಹದಿನೈದನೆಯ ದಿನ, ತಿಷ್ಯ ಮತ್ತು ಪುನರ್ವಸು ನಕ್ಷತ್ರಗಳ ದಿನ, ಮೂರು ಚಾತುರ್ಮಾಸ್ಯದ ದಿನ ಮತ್ತು ಹಬ್ಬಗಳಂದು ಹೋರಿ, ಹೋತ, ಟಗರು, ಹಂದಿಗಳ ಬೀಜ ಒಡೆಯಕೂಡದೆಂದು ಕಟ್ಟಳೆ ಮಾಡಿದ. ಮಾಡಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಯಾವಾಗ ಎಂಬ ಪ್ರಶ್ನೆಯಾಗಿ ತಿರುಗಿಸಿದ. ತಿರುವೇನೋ ಸರಿ, ಆದರೆ ಅವನು ಕೇಳಿದ್ದು ಪಂಚಾಂಗವನ್ನು, ಕೇಳಬೇಕಾದದ್ದು ಪ್ರಾಣಿಯ ಮೈಯನ್ನು. ಅಷ್ಟಮಿ ಕಳೆದು ನವಮಿ ಬಂದರೆ ಹೋರಿಗೆ ನೋವೇನೂ ಕಡಿಮೆಯಾಗುವುದಿಲ್ಲ.

ಪ್ರಾಣಿಯ ಮೈಯನ್ನು ಕೇಳುವುದೆಂದರೇನು ಎಂಬುದಕ್ಕೆ ಮತ್ತೆ ತತ್ತ್ವಾರ್ಥಸೂತ್ರದ ಕಡೆಗೇ ಹೋಗಬೇಕು. ಅದು ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳುವುದಿಲ್ಲ; ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ, ವಶವಾದ ಮನಸ್ಸು, ಮಾತು, ಕಾಯಗಳಿಂದ ಆದ ಹಾನಿ ಎನ್ನುತ್ತದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಬರುವ ವೈದ್ಯನ ಉದಾಹರಣೆ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಪರಮಕರುಣೆಯಿಂದ, ಮನಸ್ಸಿನಲ್ಲಿ ಕಲ್ಮಷವಿಲ್ಲದೆ, ವೈದ್ಯನೊಬ್ಬ ಮುನಿಯ ಕುರುವನ್ನು ಸೀಳುತ್ತಾನೆ. ಮುನಿಗೆ ನೋವಾಗುತ್ತದೆ, ನೋವಿಗೆ ಕಾರಣ ವೈದ್ಯನೇ. ಆದರೂ ಹೊರಗಿನ ನಿಮಿತ್ತಮಾತ್ರದಿಂದ ಅವನಿಗೆ ಪಾಪ ಅಂಟುವುದಿಲ್ಲ. ಆದ್ದರಿಂದ ಛೇದವೆಂಬ ಅತಿಚಾರವೂ ವೈದ್ಯನ ಛೇದವೂ ಹೊರನೋಟಕ್ಕೆ ಒಂದೇ ಆಗಿ ಕಂಡರೂ ಎರಡರ ನೆಲೆ ಬೇರೆ. ಎರಡನ್ನೂ ಬೇರ್ಪಡಿಸುವ ಪ್ರಶ್ನೆಗಳು ಎರಡೇ: ಇದು ಯಾರ ಹಿತಕ್ಕೆ, ಮತ್ತು ನೋಡಬೇಕಾದ್ದನ್ನೆಲ್ಲ ನೋಡಿ ಮಾಡಿದ್ದೇ? ಸಾಕಿದ ಗಂಡುಪ್ರಾಣಿಯ ವಿಷಯದಲ್ಲಿ ನನ್ನ ವಾದ ಇಷ್ಟು. ಆಪರೇಷನ್ ತಾನಾಗಿ ಹಿಂಸೆಯೂ ಅಲ್ಲ, ಮಾಡಿಸದಿರುವುದು ತಾನಾಗಿ ಅಹಿಂಸೆಯೂ ಅಲ್ಲ. ಪ್ರಮಾದದಿಂದ ಮಾಡಿಸಿದರೂ ಹಿಂಸೆಯೇ, ಪ್ರಮಾದದಿಂದ ಬಿಟ್ಟರೂ ಹಿಂಸೆಯೇ. ಮಾಡಿಸುವುದು ನಿಜಕ್ಕೂ ಪ್ರಾಣಿಯ ಹಿತಕ್ಕೋ ನಮ್ಮ ಅನುಕೂಲಕ್ಕೋ ಎಂಬುದು ಹೆಚ್ಚಾಗಿ ಗೊತ್ತಾಗುವುದು ಯಾವಾಗ ಮಾಡಿಸುತ್ತೇವೆ ಎಂಬುದರಿಂದ.

ಮೊದಲು ಲಾಭದ ಲೆಕ್ಕ ಪ್ರಾಮಾಣಿಕವಾಗಿರಬೇಕು. ಗಂಡುನಾಯಿಯ ಆಪರೇಷನ್ ದೊಡ್ಡದೇನಲ್ಲ. ಅರಿವಳಿಕೆ ಕೊಟ್ಟು, ವೃಷಣಚೀಲದ ಮುಂದುಗಡೆ ಸಣ್ಣದಾಗಿ ಸೀಳಿ, ಎರಡು ವೃಷಣಗಳನ್ನೂ ಒಂದಾದ ಮೇಲೊಂದರಂತೆ ಅಲ್ಲಿಂದಲೇ ಹೊರತಂದು, ರಕ್ತನಾಳ ಮತ್ತು ವೀರ್ಯನಾಳಗಳನ್ನು ಗಂಟು ಕಟ್ಟಿ ಕತ್ತರಿಸಿ, ಹೊಲಿಗೆ ಹಾಕುತ್ತಾರೆ. ಹತ್ತು ಹದಿನಾಲ್ಕು ದಿನ ಹೊಲಿಗೆ ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ ಕೋನ್ ತೊಡಿಸಿದರೆ ಗಾಯ ಮಾಯುತ್ತದೆ. ಇದರಿಂದ ವೃಷಣದ ಗಡ್ಡೆಗಳ ಭಯ ಹೋಗುತ್ತದೆ. ಆದರೆ ಆ ಗಡ್ಡೆಗಳಲ್ಲಿ ಹೆಚ್ಚಿನವು ಬೇರೆಡೆಗೆ ಹರಡುವಂಥವಲ್ಲ. ವಯಸ್ಸಾದ ಗಂಡುನಾಯಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು, ಮಲವಿಸರ್ಜನೆಗೆ ತಿಣುಕುವ, ಮೂತ್ರದಲ್ಲಿ ರಕ್ತ ಕಾಣುವ ತೊಂದರೆ ತಪ್ಪುತ್ತದೆ. ಆದರೆ ಆ ತೊಂದರೆ ಬಂದ ಮೇಲೆ ಮಾಡಿಸಿದರೂ ಗ್ರಂಥಿ ಕುಗ್ಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರನ್ನು ಇದು ತಡೆಯುವುದಿಲ್ಲ. ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ, ಪ್ರಾಣಕ್ಕೇ ಎರವಾಗುವ ಕಾಯಿಲೆಯಿದೆ. ಅಲ್ಲಿ ಮುಂಚಿತವಾಗಿ ಮಾಡಿಸುವುದಕ್ಕೆ ಬಲವಾದ ಕಾರಣವಿದೆ. ಗಂಡಿಗೆ ಅಂಥದ್ದಿಲ್ಲ. ವರ್ತನೆಯಲ್ಲಿ ಬೆದೆಯ ವಾಸನೆ ಹಿಡಿದು ಓಡಿಹೋಗುವುದು, ಮೇಲೇರುವುದು, ಸಿಕ್ಕ ಕಂಬಕ್ಕೆಲ್ಲ ಉಚ್ಚೆ ಹೊಯ್ಯುವುದು ಕಡಿಮೆಯಾಗುತ್ತವೆ. ಭಯದಿಂದ ಕಚ್ಚುವ ನಾಯಿ ಇದರಿಂದ ಸುಧಾರಿಸುತ್ತದೆ ಎನ್ನುವಂತಿಲ್ಲ, ಕೆಲವು ನಾಯಿಗಳಲ್ಲಿ ಅಂಜಿಕೆ ಹೆಚ್ಚಾಗುವುದೂ ಉಂಟು. ಆದ್ದರಿಂದ ‘ಎಲ್ಲ ಅದರ ಆರೋಗ್ಯಕ್ಕಾಗಿಯೇ’ ಎಂಬ ಮಾತು ಗಂಡುನಾಯಿಯ ಮಟ್ಟಿಗೆ ಅರ್ಧಸತ್ಯ. ಉಳಿದರ್ಧ ನಮ್ಮ ನೆಮ್ಮದಿ. ನೆಮ್ಮದಿ ಬಯಸುವುದು ಪಾಪವೇನಲ್ಲ. ಅದನ್ನು ಕರುಣೆಯ ಖಾತೆಗೆ ಜಮಾ ಮಾಡುವುದು ತಪ್ಪು.

ಕಾಲದ ಪ್ರಶ್ನೆ ಬರುವುದು ಇಲ್ಲೇ. ವೃಷಣದಿಂದ ಹುಟ್ಟುವ ಹಾರ್ಮೋನು ಸಂತಾನಕ್ಕಷ್ಟೇ ಬೇಕಾದದ್ದಲ್ಲ. ಎಳೆಯ ಮೂಳೆಯ ತುದಿಗಳಲ್ಲಿರುವ ಬೆಳವಣಿಗೆಯ ಪದರ ಸಕಾಲಕ್ಕೆ ಮುಚ್ಚಿಕೊಳ್ಳುವುದಕ್ಕೂ ಬೇಕು. ಅದಕ್ಕೆ ಮುಂಚೆಯೇ ಹಾರ್ಮೋನು ನಿಂತರೆ ಮೂಳೆ ಮಿತಿಮೀರಿ ಉದ್ದವಾಗಿ, ಕೀಲುಗಳ ಕೂಡಿಕೆ ವ್ಯತ್ಯಾಸವಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷ ತುಂಬುವ ಮೊದಲೇ ಬೀಜ ತೆಗೆದ ಗಂಡು ಗೋಲ್ಡನ್ ರಿಟ್ರೀವರ್‌ಗಳಲ್ಲಿ ಸೊಂಟದ ಕೀಲಿನ ದೋಷ ಶೇ 10ರಷ್ಟಿತ್ತು, ಹಾಗೇ ಬಿಟ್ಟವುಗಳಲ್ಲಿದ್ದುದರ ಎರಡರಷ್ಟು. ಅದೇ ತಂಡ 2020ರಲ್ಲಿ 35 ತಳಿಗಳ ಮಾಹಿತಿ ಮುಂದಿಟ್ಟಾಗ ಒಂದೇ ವಯಸ್ಸು ಎಲ್ಲಕ್ಕೂ ಹೊಂದುವುದಿಲ್ಲವೆಂಬುದು ಇನ್ನಷ್ಟು ಸ್ಪಷ್ಟವಾಯಿತು. ಜರ್ಮನ್ ಶೆಫರ್ಡ್‌ಗೆ ಎರಡು ವರ್ಷ ಕಳೆಯಲಿ ಎಂದರು. ಗಂಡು ಗೋಲ್ಡನ್‌ಗೆ ವರ್ಷ ದಾಟಲಿ, ಗಂಡು ಲ್ಯಾಬ್ರಡಾರ್‌ಗೆ ಆರು ತಿಂಗಳು ದಾಟಲಿ ಎಂದರು. ಸಣ್ಣ ತಳಿಗಳಲ್ಲಿ ಕೀಲಿನ ಅಪಾಯ ಹೆಚ್ಚೇನೂ ಕಾಣಲಿಲ್ಲ. ಭಾರಿ ಗಾತ್ರದ ಗ್ರೇಟ್ ಡೇನ್‌ನಲ್ಲೂ ಕಾಣಲಿಲ್ಲ. ಅಂದರೆ ದೊಡ್ಡದು, ಸಣ್ಣದು ಎಂಬ ಸರಳ ಸೂತ್ರವೂ ಪೂರ್ತಿ ನಿಲ್ಲುವುದಿಲ್ಲ. ಹೀಗಿರುವಾಗ ಆರು ತಿಂಗಳಿಗೇ ಮಾಡಿಸಿಬಿಡಿ ಎನ್ನುವುದು ಅಶೋಕನ ತಿಥಿಯಷ್ಟೇ ಕುರುಡು ಲೆಕ್ಕ. ಕಾಯುವುದೆಂದರೆ ಒಂದೆರಡು ವರ್ಷ ಹಗ್ಗ ಹಿಡಿದು ನಡೆಸುವ, ಗೇಟು ಭದ್ರವಾಗಿಡುವ, ಬೆದೆಯ ದಿನಗಳಲ್ಲಿ ಅದರ ಊಳಿಡುವಿಕೆ ಸಹಿಸುವ ಶ್ರಮ. ಆ ಶ್ರಮ ನಮ್ಮ ಪಾಲಿಗೆ ಬರುತ್ತದೆ, ಗಟ್ಟಿಮುಟ್ಟಾದ ಕೀಲು ಅದರ ಪಾಲಿಗೆ ಹೋಗುತ್ತದೆ. ತುಲಾಧಾರನ ಪಟ್ಟಿಯಲ್ಲಿ ಲಾಭವೆಲ್ಲ ಮನುಷ್ಯನಿಗೆ, ನೋವೆಲ್ಲ ಎತ್ತಿಗೆ ಹೋಗಿತ್ತು. ಇಲ್ಲಿ ಅದು ತಿರುಗುತ್ತದೆ.

ಬೆಕ್ಕಿನ ವಿಷಯ ಬೇರೆ, ಏಕೆಂದರೆ ಅದರ ಬಾಳು ಬೇರೆ. ನಮ್ಮ ಊರುಗಳಲ್ಲಿ ಸಾಕಿದ ಗಂಡುಬೆಕ್ಕು ಮನೆಯೊಳಗೆ ಉಳಿಯುವ ಪ್ರಾಣಿಯಲ್ಲ. ಹಗಲು ಕಿಟಕಿಯಲ್ಲಿ ಮಲಗಿ ರಾತ್ರಿ ಹೆಂಚಿನ ಮೇಲೆ ಸಂಚಾರ ಹೊರಡುತ್ತದೆ. ಗಡವ ಬೆಕ್ಕುಗಳ ಜಗಳದಲ್ಲಿ ಕಿವಿ ಹರಿಯುತ್ತದೆ, ಕೆನ್ನೆಯ ಮೇಲೆ ಹಲ್ಲು ನಾಟಿದ ಸಣ್ಣ ತೂತು ಮೇಲೆ ಮುಚ್ಚಿಕೊಂಡು ಒಳಗೆ ಕೀವುಗಟ್ಟುತ್ತದೆ, ಕಚ್ಚಿದ ಗಾಯದ ಮೂಲಕ ರೋಗನಿರೋಧಶಕ್ತಿ ಕುಂದಿಸುವ ವೈರಸ್ಸೂ ದಾಟುತ್ತದೆ. ಹೆಣ್ಣನ್ನು ಅರಸಿ ದಿನಗಟ್ಟಲೆ ಅಲೆದು ರಸ್ತೆ ದಾಟುವಾಗ ವಾಹನಕ್ಕೆ ಸಿಗುವುದೂ ಇದೆ. ಬೀಜ ತೆಗೆದ ಮೇಲೆ ಅಲೆದಾಟ, ಜಗಳ, ಗೋಡೆಗೆ ಉಚ್ಚೆ ಸಿಂಪಡಿಸುವುದು ಬಹುಪಾಲು ಬೆಕ್ಕುಗಳಲ್ಲಿ ಕಡಿಮೆಯಾಗುತ್ತವೆ. ಬೆಕ್ಕಿನ ಆಪರೇಷನ್ ಇನ್ನೂ ಸರಳ, ಎಷ್ಟೋ ಸಲ ಹೊಲಿಗೆಯೂ ಬೇಕಾಗುವುದಿಲ್ಲ. ಐದು ತಿಂಗಳ ಹೊತ್ತಿಗೆ ಮಾಡಿಸುವುದು ಈಗ ಪಶುವೈದ್ಯರಲ್ಲಿ ಸಾಮಾನ್ಯ ಸಲಹೆ. ಹೊರಗೆ ತಿರುಗುವ ಗಂಡುಬೆಕ್ಕಿಗೆ ಇದನ್ನು ಮಾಡಿಸುವುದರಲ್ಲಿ ಅದರ ಹಿತವೂ, ಹುಟ್ಟಿ ಸಾಯಲಿದ್ದ ಮರಿಗಳ ಹಿತವೂ, ಸಾಕಿದವರ ನೆಮ್ಮದಿಯೂ ಒಂದೇ ದಿಕ್ಕಿಗೆ ಕೂಡಿಬರುತ್ತವೆ. ಅಂಥಲ್ಲಿ ‘ಪಾಪ’ ಎಂದು ಹಿಂಜರಿಯುವುದು ಪ್ರಾಣಿಯನ್ನು ನೋಡದೆ ತನ್ನ ಮನಸ್ಸಿನ ಮೃದುತ್ವವನ್ನು ನೋಡಿಕೊಳ್ಳುವ ಪ್ರಮಾದ.

ಮೊದಲ ಆಕ್ಷೇಪ ಬರುವುದು ಪ್ರಕೃತಿಯ ಹೆಸರಿನಲ್ಲಿ. ಜೀವಿಗೆ ಸಹಜವಾದದ್ದನ್ನು ಕಸಿಯುವುದು ಸೃಷ್ಟಿಗೆ ವಿರೋಧ, ಕೂಡುವ ಸುಖ ಅದರ ಜನ್ಮಸಿದ್ಧ ಹಕ್ಕು ಎನ್ನುತ್ತಾರೆ. ಆದರೆ ಸಾಕುಪ್ರಾಣಿಯ ಬಾಳಿನಲ್ಲಿ ಸೃಷ್ಟಿಯ ಸಹಜಕ್ರಮ ಗೇಟಿನ ಒಳಗೆ ಕಾಲಿಟ್ಟ ದಿನವೇ ಮುಗಿದಿರುತ್ತದೆ. ತಾಯಿಯಿಂದ ಎರಡು ತಿಂಗಳಿಗೇ ಬೇರ್ಪಡಿಸಿದವರು ನಾವು, ಯಾವಾಗ ತಿನ್ನಬೇಕು, ಎಲ್ಲಿ ಮಲಗಬೇಕು ಎಂದು ನಿರ್ಧರಿಸುವವರು ನಾವು. ಬೀಜ ಉಳಿಸಿಕೊಂಡರೂ ಮನೆಯ ನಾಯಿಗೆ ಕೂಡುವ ಅವಕಾಶ ಎಷ್ಟಿದೆ? ಬಹುಪಾಲು ಗಂಡುನಾಯಿಗಳು ಜೀವಮಾನವಿಡೀ ವಾಸನೆ ಹಿಡಿದು, ಊಳಿಟ್ಟು, ಊಟ ಬಿಟ್ಟು, ಸರಪಳಿ ಎಳೆದಾಡಿ ದಣಿಯುತ್ತವೆ. ಆಸೆಯನ್ನು ಉಳಿಸಿ ದಾರಿಯನ್ನು ಮುಚ್ಚುವುದನ್ನು ಸಹಜಜೀವನವೆನ್ನಲಾಗದು. ಐದು ಅತಿಚಾರಗಳಲ್ಲಿ ಬಂಧವೇ ಮೊದಲನೆಯದು. ಛೇದಕ್ಕೆ ಹೆದರಿ ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕುವವರು ಒಂದು ಅತಿಚಾರ ತಪ್ಪಿಸಲು ಇನ್ನೊಂದನ್ನು ಮಾಡುತ್ತಿರುತ್ತಾರೆ. ಇನ್ನು ಸಂತಾನ ಅದರ ಪರಮಶ್ರೇಯಸ್ಸೇ ಎಂದರೆ, ನಮ್ಮ ಪರಂಪರೆಗಳು ಹಾಗೆ ಹೇಳಿಲ್ಲ. ಪಿತೃಋಣ ಮನುಷ್ಯನ ಪಾಲಿಗೆ ಬಂದದ್ದು. ಭಾಸ್ಕರ ಕವಿ 1424ರಲ್ಲಿ ಕನ್ನಡಕ್ಕೆ ತಂದ ಜೀವಂಧರನ ಕಥೆಯಲ್ಲಿ, ಏಟು ತಿಂದು ಸಾಯುತ್ತಿದ್ದ ನಾಯಿ ಕಿವಿಯಲ್ಲಿ ಮಂತ್ರ ಕೇಳಿ ಯಕ್ಷನಾಗಿ ಹುಟ್ಟುತ್ತದೆ. ಆ ಕಥೆ ನಾಯಿಗೆ ಮನಸ್ಸಿದೆ, ಗತಿಯಿದೆ ಎಂದು ಗೌರವಿಸುತ್ತದೆ. ಆ ಗೌರವ ನಿಂತಿರುವುದು ಅದರ ಸಂತಾನದ ಮೇಲಲ್ಲ. ಆದರೆ ಇದರಿಂದ ಆಸೆಯನ್ನು ಕಿತ್ತರೆ ಏನೂ ನಷ್ಟವಿಲ್ಲವೆಂದೂ ಆಗುವುದಿಲ್ಲ. ಮರಿ ಹುಟ್ಟದಿರಲಿ ಎಂಬುದಷ್ಟೇ ಗುರಿಯಾದರೆ ವೀರ್ಯನಾಳ ಕತ್ತರಿಸಿದರೆ ಸಾಕು, ಹಾರ್ಮೋನು ಉಳಿಯುತ್ತದೆ. ಆದರೆ ಅಲೆದಾಟವೂ ಜಗಳವೂ ಉಳಿಯುತ್ತವೆ. ಯೂರೋಪು, ಆಸ್ಟ್ರೇಲಿಯಾಗಳಲ್ಲಿ ಗಂಡುನಾಯಿಗೆ ಚರ್ಮದಡಿ ಇಡುವ ಡೆಸ್ಲೊರೆಲಿನ್ ಇಂಪ್ಲಾಂಟ್ ಬಳಕೆಯಲ್ಲಿದೆ. ಅದರ ಪ್ರಭಾವ ಆರು ತಿಂಗಳೋ ವರ್ಷವೋ ಇದ್ದು ಇಳಿದುಹೋಗುತ್ತದೆ. ಹಿಂದಿರುಗಿ ಬರಬಹುದಾದ ದಾರಿ ಎಲ್ಲಿ ಸಿಗುತ್ತದೋ ಅಲ್ಲಿ ಅದನ್ನು ಮೊದಲು ನೋಡುವುದು ಅಹಿಂಸೆಗೆ ಹತ್ತಿರ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಒಪ್ಪಿಗೆಯಿಲ್ಲದೆ ಇನ್ನೊಂದು ಜೀವದ ಮೈಯನ್ನು ಕತ್ತರಿಸುವ ಅಧಿಕಾರ ಎಲ್ಲಿಂದ ಬಂತು? ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ, ಈ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಬಹುಪಾಲು ಗಂಡಸರ ಮೇಲೆ, ಅದರಲ್ಲೂ ಬಡವರ ಮೇಲೆ, ಎಷ್ಟೋ ಕಡೆ ಬಲವಂತದಿಂದ. ಸಂಖ್ಯೆಯ ಹೆಸರಿನಲ್ಲಿ ದೇಹದ ಮೇಲೆ ಕೈಯಿಡುವುದು ಎಂಥ ಅನ್ಯಾಯವೆಂದು ನಾವು ಕಂಡಿದ್ದೇವೆ. ಪ್ರಾಣಿಗೆ ಮಾತ್ರ ಅದು ಹೇಗೆ ನ್ಯಾಯವಾಗುತ್ತದೆ? ಉತ್ತರವೆಂದರೆ, ಮನುಷ್ಯನಿಗೆ ವಿಷಯ ತಿಳಿಸಬಹುದು, ಅವನು ಒಪ್ಪಬಹುದು, ನಿರಾಕರಿಸಬಹುದು, ತನ್ನನ್ನು ತಾನು ತಡೆದುಕೊಳ್ಳಬಹುದು. ಆ ದಾರಿ ತೆರೆದಿರುವಾಗ ಅದನ್ನು ಮುಚ್ಚಿ ಬಲಪ್ರಯೋಗ ಮಾಡಿದ್ದೇ ಅನ್ಯಾಯ. ನಾಯಿಗೆ ಆ ದಾರಿಯೇ ಇಲ್ಲ. ಲಸಿಕೆಗೂ ಅದು ಒಪ್ಪುವುದಿಲ್ಲ, ಕಾಲಿನ ಗಾಯ ತೊಳೆಯುವುದಕ್ಕೂ ಒಪ್ಪುವುದಿಲ್ಲ. ಹಾಗೆಂದು ಬಿಟ್ಟರೆ ಅದೇ ಕ್ರೌರ್ಯ. ಒಪ್ಪಿಗೆ ಸಾಧ್ಯವಿಲ್ಲದಲ್ಲಿ ಉಳಿಯುವುದು ಪಾಲಕನ ಧರ್ಮ. ಆದರೆ ಈ ಉತ್ತರ ನಮಗೆ ಸಲಿಗೆ ಕೊಡುವುದಿಲ್ಲ, ಇನ್ನಷ್ಟು ಬಿಗಿಯುತ್ತದೆ. ಮಗುವಿನ ಪರವಾಗಿ ತೀರ್ಮಾನ ಮಾಡಿದವರನ್ನು ಆ ಮಗು ದೊಡ್ಡದಾಗಿ ಪ್ರಶ್ನಿಸಬಹುದು. ನಾಯಿ ಎಂದೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸುವವರಿಲ್ಲದ ಅಧಿಕಾರ ಸುಲಭವಾಗಿ ಅನುಕೂಲಕ್ಕೆ ಜಾರುತ್ತದೆ. ಹಾಗಾಗಿ ಸಂಖ್ಯೆ ತಗ್ಗಿಸುವ ಉದ್ದೇಶವೊಂದೇ ಸಾಕಿದ ಒಂದು ಪ್ರಾಣಿಯ ಮೈಗೆ ಕತ್ತರಿ ಹಾಕಲು ಸಾಲದು. ಈ ಪ್ರಾಣಿಗೆ ಇದರಿಂದ ಏನಾಗುತ್ತದೆ ಎಂಬುದಕ್ಕೆ ಉತ್ತರ ಬೇಕು.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಸಮಾಧಾನ: ನಾವೇನೂ ಮಾಡದಿದ್ದರೆ ನಮಗೇನೂ ಅಂಟುವುದಿಲ್ಲ, ಅದರ ಕರ್ಮ ಅದಕ್ಕೆ. ಮಾಡದಿರುವುದರಲ್ಲೂ ಕರ್ಮವನ್ನು ಕಾಣಬೇಕೆಂದು ಗೀತೆಯ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಸಾಕಿದವರಿಗೆ ಆ ಮಾತು ಅಕ್ಷರಶಃ ಅನ್ವಯಿಸುತ್ತದೆ. ರಾತ್ರಿ ಗೇಟು ತೆರೆದು ‘ಸ್ವಲ್ಪ ತಿರುಗಿ ಬರಲಿ’ ಎಂದು ಗಂಡುನಾಯಿಯನ್ನು ಬಿಟ್ಟವರು ಒಂದು ಕೆಲಸವನ್ನೇ ಮಾಡಿರುತ್ತಾರೆ. ಅದರ ಫಲವಾಗಿ ಹುಟ್ಟಿದ ಮರಿಗಳಲ್ಲಿ ಕೆಲವು ಗೋಣಿಚೀಲದಲ್ಲಿ ಸಂತೆಮಾಳಕ್ಕೆ ಹೋಗುತ್ತವೆ, ಕೆಲವು ಚಕ್ರದಡಿ ಸಿಗುತ್ತವೆ. ಕೂಡುವಾಗ ಅಂಟುವ ಜನನಾಂಗದ ಗಡ್ಡೆ, ಬೀದಿಜಗಳದ ಕಡಿತ, ರೇಬೀಸ್ ಎಲ್ಲವೂ ಆ ತೆರೆದ ಗೇಟಿನ ಆಚೆಗಿವೆ. 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು 60 ಬೀದಿನಾಯಿಗಳನ್ನು ಕೊಲ್ಲಿಸಿದಾಗ ಗಾಂಧೀಜಿ ಯಂಗ್ ಇಂಡಿಯಾದಲ್ಲಿ ಸಾಲು ಲೇಖನ ಬರೆದು ಆ ಕೃತ್ಯವನ್ನು ಸಮರ್ಥಿಸಿದ್ದು ಅವರ ಅಭಿಮಾನಿಗಳನ್ನೇ ಕೆರಳಿಸಿತು. ಕೊಲ್ಲುವುದನ್ನು ಒಪ್ಪದವರೂ ಅವರ ಇನ್ನೊಂದು ಮಾತಿಗೆ ಉತ್ತರ ಕೊಡಬೇಕಾಗುತ್ತದೆ: ಹೊಣೆ ಹೊರದೆ ತುತ್ತು ಎಸೆದು ಸಾಗುವುದು ದಯೆಯಲ್ಲ, ನಾಯಿಗಳ ಅನಾಥಸ್ಥಿತಿಗೆ ಸಮಾಜವೇ ಕಾರಣ. ಇಲ್ಲಿ ಒಂದು ಪ್ರಾಮಾಣಿಕ ತಿದ್ದುಪಡಿ ಬೇಕು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದಾದ್ದರಿಂದ, ಒಂದು ಗಂಡಿನ ಬೀಜ ತೆಗೆದ ಮಾತ್ರಕ್ಕೆ ಓಣಿಯ ಮರಿಗಳ ಸಂಖ್ಯೆ ಇಳಿಯುವುದಿಲ್ಲ. ಆ ಜಾಗಕ್ಕೆ ಇನ್ನೊಂದು ಗಂಡು ಬರುತ್ತದೆ. ಆದರೆ ನನ್ನದಲ್ಲದಿದ್ದರೆ ಇನ್ನೊಬ್ಬರ ನಾಯಿಯಿಂದ ಆಗುತ್ತಿತ್ತು ಎಂಬುದು ಲೆಕ್ಕದ ಪುಸ್ತಕದಲ್ಲಿ ಸರಿಯಾದರೂ ಧರ್ಮದ ವಿಚಾರದಲ್ಲಿ ನಿಲ್ಲುವ ಮಾತಲ್ಲ. ತುಲಾಧಾರನಿಗೆ ಯಾವ ವ್ಯಾಪಾರಿಯೂ ‘ನಾನು ಮೋಸದ ತೂಕ ಹಾಕದಿದ್ದರೆ ಪಕ್ಕದಂಗಡಿಯವನು ಹಾಕುತ್ತಾನೆ’ ಎಂದು ಹೇಳಿ ಗೆಲ್ಲಲಾರ.

ಬೀದಿನಾಯಿಗಳ ವಿಷಯದಲ್ಲಿ ಈ ದೇಶ 2001ರ ನಿಯಮಗಳಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯ ದಾರಿ ಹಿಡಿಯಿತು. 2023ರಲ್ಲಿ ಆ ನಿಯಮಗಳು ಹೊಸದಾದವು. ಶಸ್ತ್ರಚಿಕಿತ್ಸೆ, ಲಸಿಕೆ ಆದ ನಾಯಿಗಳನ್ನು, ರೇಬೀಸ್ ತಗುಲಿದವು ಮತ್ತು ಆಕ್ರಮಣಕಾರಿಗಳನ್ನು ಬಿಟ್ಟು, ಹಿಡಿದಲ್ಲಿಗೇ ಮರಳಿ ಬಿಡಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿತು. ಅಲ್ಲಿ ಪಾಲಕ ಒಬ್ಬನಲ್ಲ, ಇಡೀ ಊರು. ಹಗ್ಗ ಹಿಡಿದು ಕಾಯುವವರಿಲ್ಲದ್ದರಿಂದ ಕತ್ತರಿಯ ಪಾಲು ಹೆಚ್ಚುತ್ತದೆ. ಇನ್ನೊಂದು ತುದಿಯಲ್ಲಿ ನಾರ್ವೆಯಿದೆ. ಅಲ್ಲಿನ ಪ್ರಾಣಿಕ್ಷೇಮ ಕಾನೂನು ಆರೋಗ್ಯದ ಕಾರಣವಿಲ್ಲದೆ ಅಂಗ ತೆಗೆಯುವುದನ್ನು ತಡೆಯುತ್ತದೆ. ಬೀಜ ತೆಗೆಯುವುದಕ್ಕೂ ಪ್ರಾಣಿಯ ಕ್ಷೇಮ ಅಥವಾ ಬೇರೆ ವಿಶೇಷ ಕಾರಣ ತೋರಬೇಕು. ಈ ಎರಡು ನೀತಿಗಳು ಪರಸ್ಪರ ವಿರುದ್ಧವೆಂದು ಕಂಡರೂ ಒಂದೇ ಸತ್ಯವನ್ನು ಎರಡು ಕಡೆಯಿಂದ ಹೇಳುತ್ತವೆ: ಸಾಕಿದವರ ನಿಗಾ ಎಷ್ಟಿದೆಯೋ ಕತ್ತರಿಯ ಅಗತ್ಯ ಅಷ್ಟು ಕಡಿಮೆ, ನಿಗಾ ಎಲ್ಲಿ ಇಲ್ಲವೋ ಅಲ್ಲಿ ಅದು ಅನಿವಾರ್ಯ. ಹಾಗಾಗಿ ಮನೆಯ ಗಂಡುನಾಯಿಗೆ ಉತ್ತರ ಹುಡುಕುವವರು ಮೊದಲು ಅಳೆಯಬೇಕಾದದ್ದು ತಮ್ಮ ನಿಗಾವನ್ನು.

ಆ ಅಳತೆಯ ಮೇಲೆ ತೀರ್ಮಾನ ಒಂದೊಂದು ಮನೆಗೆ ಒಂದೊಂದಾಗುತ್ತದೆ. ಎತ್ತರದ ಕಾಂಪೌಂಡು, ದಿನಕ್ಕೆರಡು ಬಾರಿ ಹಗ್ಗ ಹಿಡಿದ ನಡಿಗೆ, ಶಾಂತ ಸ್ವಭಾವದ ನಾಯಿ ಇರುವಲ್ಲಿ ಕತ್ತರಿಗೆ ಅವಸರವಿಲ್ಲ. ಮುಪ್ಪಿನಲ್ಲಿ ಪ್ರಾಸ್ಟೇಟ್ ತೊಂದರೆ ಕೊಟ್ಟರೆ ಆಗ ಮಾಡಿಸಬಹುದು. ತೋಟದ ಮನೆಯಲ್ಲಿ, ಬೇಲಿಯಿಲ್ಲದ ಹಟ್ಟಿಯಲ್ಲಿ ಸ್ವಚ್ಛಂದ ತಿರುಗುವ ನಾಯಿಗೆ ಮೈ ಬಲಿತ ಕೂಡಲೇ ಮಾಡಿಸುವುದು ಮೇಲು. ಹೊರಗೆ ಸುತ್ತುವ ಗಂಡುಬೆಕ್ಕಿಗೆ ಬೇಗ ಆಗಲಿ. ಅಂಜಿ ಕಚ್ಚುವ ನಾಯಿಗೆ ಕತ್ತರಿಗಿಂತ ಮೊದಲು ತರಬೇತಿ. ಇವುಗಳಲ್ಲಿ ಯಾವುದನ್ನು ಆರಿಸಿದರೂ ಅದರ ಬೆಲೆಯನ್ನು ಯಾರಾದರೂ ತೆರಬೇಕು, ಮತ್ತು ಧರ್ಮದ ಪ್ರಶ್ನೆ ನಿಂತಿರುವುದು ಆ ಬೆಲೆಯನ್ನು ಯಾರು ತೆರುತ್ತಾರೆ ಎಂಬುದರಲ್ಲಿ. ಮಾಡಿಸಿದವರು ಅರಿವಳಿಕೆಗೆ, ನೋವಿನ ಔಷಧಿಗೆ ಜಿಪುಣತನ ಮಾಡದೆ, ಮೂಳೆ ಬಲಿಯುವವರೆಗೆ ಕಾದು, ಆಮೇಲೆ ಕೊಬ್ಬದಂತೆ ಊಟ ತೂಗಿ ಹಾಕಿ, ಮೈ ಕತ್ತರಿಸಿದ್ದರ ಋಣ ತೀರಿಸಬೇಕು. ಮಾಡಿಸದವರು ಹಗ್ಗ ಹಿಡಿದು ನಡೆಯಬೇಕು, ಗೇಟು ಕಾಯಬೇಕು, ಗೊತ್ತಿಲ್ಲದೆ ಹುಟ್ಟಿದ ಮರಿಗಳು ತಮ್ಮ ನಾಯಿಯವೆಂದು ತಿಳಿದರೆ ಅವಕ್ಕೆ ಮನೆ ಹುಡುಕಬೇಕು. ಬೆಲೆಯನ್ನು ಪೂರ್ತಿಯಾಗಿ ಪ್ರಾಣಿಯ ಮೇಲೋ, ಯಾರದೋ ಹಿತ್ತಿಲಿನ ಮರಿಗಳ ಮೇಲೋ ಹೊರಿಸಿದವರಿಗೆ, ಕತ್ತರಿ ಹಾಕಿಸಿರಲಿ ಬಿಟ್ಟಿರಲಿ, ಅಹಿಂಸೆಯ ಹೆಸರೆತ್ತುವ ಅಧಿಕಾರ ಉಳಿಯುವುದಿಲ್ಲ.